ಹೊಸ ಯೋನಿಯ ಹಿಂಬದಿ ಹೊಲಿಗೆ ಬಿಟ್ಟಾಗ: ಡ್ರೆಸ್ಸಿಂಗ್ ಆರಿಸುವ ನನ್ನ ಕ್ರಮ

ಟ್ರಾನ್ಸ್ ಮಹಿಳೆಯರಿಗೆ ಮಾಡುವ ವೆಜೈನೋಪ್ಲಾಸ್ಟಿಯಲ್ಲಿ (ಹೊಸ ಯೋನಿ ರಚಿಸುವ ಶಸ್ತ್ರಚಿಕಿತ್ಸೆ) ಗಾಯ ಹೆಚ್ಚಾಗಿ ಕಾಡುವ ಜಾಗವೆಂದರೆ ಯೋನಿಯ ಹಿಂಬದಿಯ ಅಂಚು, ಗುದದ್ವಾರದ ಕಡೆ ಹೊಲಿಗೆಗಳು ಕೂಡುವ ತುದಿ. ಅಲ್ಲಿ ಎಳೆತ ಜಾಸ್ತಿ, ಗಾಳಿ ಕಡಿಮೆ, ಬೆವರು, ಮೂತ್ರ, ಮಲ ತಾಗುವುದು ತಪ್ಪದು. ಒಂದೆರಡು ಸೆಂ.ಮೀ. ಹೊಲಿಗೆ ಬಿಡುವುದು ಅಪರೂಪವೇನಲ್ಲ. ಹಾಗೆ ಬಿಟ್ಟದ್ದೆಲ್ಲ ಸೋಂಕೂ ಅಲ್ಲ.

ಗಾಯದ ತಳದಲ್ಲಿ ಹಳದಿ ಕಂಡ ಕೂಡಲೇ ಕೀವು ಎಂದು ಗಾಬರಿಯಾಗುವವರೇ ಹೆಚ್ಚು. ತೊಳೆದರೂ ತಳಕ್ಕೆ ಅಂಟಿಕೊಂಡೇ ಇದ್ದರೆ ಅದು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮತ್ತು ಸತ್ತ ಅಂಗಾಂಶ. ತೊಳೆದಾಗ ಹೋಗಿ, ಪಕ್ಕದಲ್ಲಿ ಒತ್ತಿದರೆ ಮತ್ತೆ ಒಸರುವುದು ಕೀವು. ನಾನು ಗಾಯಕ್ಕಿಂತ ಅದರ ಸುತ್ತಲಿನ ಚರ್ಮವನ್ನು ಹೆಚ್ಚು ನೋಡುತ್ತೇನೆ: ಹಬ್ಬುವ ಕೆಂಪು, ಬಿಸಿ, ಗಟ್ಟಿ ಊತ, ಇಳಿಯಬೇಕಾದ ಹೊತ್ತಿನಲ್ಲಿ ಏರುವ ನೋವು. ಕೆಂಪಿನ ಗಡಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲೇ ಸಮಯ ಬರೆಯುತ್ತೇನೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಸರಿಯಾಗಿ ಕಾಣದು, ಬಿಸಿ ಮತ್ತು ಊತವನ್ನೇ ನಂಬಬೇಕು. ಕೆಂಪು ಆ ಗೆರೆಯನ್ನು ದಾಟಿದರೆ ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ಮೀರಿದರೆ ಆಂಟಿಬಯಾಟಿಕ್ ಬೇಕು. ಅದರ ಕೆಲಸವನ್ನು ಯಾವ ಡ್ರೆಸ್ಸಿಂಗೂ ಮಾಡದು. ಗಾಯ ಸಣ್ಣದು ಆದರೆ ನೋವು ತಾಳಲಾಗದು, ಚರ್ಮ ಬೂದು ಅಥವಾ ನೇರಳೆ, ಒತ್ತಿದರೆ ಒಳಗೆ ಚರಚರ ಎನ್ನುತ್ತದೆ ಎಂದಾದರೆ ಒಂದು ಗಂಟೆಯನ್ನೂ ಕಳೆಯದೆ ಆಪರೇಷನ್ ಥಿಯೇಟರಿಗೆ. ಯೋನಿಯಿಂದ ಮಲ ಅಥವಾ ಗ್ಯಾಸ್ ಬಂದರೆ ಗುದನಾಳಕ್ಕೆ ದಾರಿಯಾಗಿದೆ ಎಂಬ ಅನುಮಾನ. ತಕ್ಷಣ ಸರ್ಜನ್‌ಗೆ ತಿಳಿಸಬೇಕು.

ತೊಳೆಯಲು ಮೈಬಿಸಿಯಷ್ಟು ಬೆಚ್ಚಗಿನ ಸಲೈನ್ (ಉಪ್ಪುನೀರು), 35 ಮಿ.ಲೀ. ಸಿರಿಂಜ್, 19 ಗೇಜ್‌ನ ಮೊಂಡು ತುದಿ. ಈ ಜೋಡಿಯಿಂದ ಬರುವ ಒತ್ತಡ ಸುಮಾರು 8 ಪಿಎಸ್‌ಐ (ಒತ್ತಡದ ಅಳತೆ). ಕೊಳೆ ಬಿಡಿಸಲು ಸಾಕು, ಕೀಟಾಣುಗಳನ್ನು ಒಳಕ್ಕೆ ನೂಕುವಷ್ಟು ಜೋರಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸ ಅಂಗಾಂಶವೂ ಸುಡುತ್ತದೆ. ಕಲ್ಚರ್‌ಗೆ (ಯಾವ ಕೀಟಾಣು ಎಂದು ಬೆಳೆಸಿ ನೋಡುವ ಪರೀಕ್ಷೆ) ಸ್ವಾಬ್, ಅಂದರೆ ಹತ್ತಿ ಕಡ್ಡಿಯಲ್ಲಿ ಮಾದರಿ, ತೆಗೆಯುವುದು ತೊಳೆದ ಮೇಲೆಯೇ: ಶುದ್ಧ ತಳದ 1 ಚದರ ಸೆಂ.ಮೀ. ಜಾಗದಲ್ಲಿ ಒತ್ತಿ 5 ಸೆಕೆಂಡು ತಿರುಗಿಸಬೇಕು. ಮೇಲಿನ ಕೀವನ್ನು ಒರೆಸಿ ಕಳಿಸಿದರೆ ಚರ್ಮದ ಮೇಲೆ ವಾಸಿಸುವ ಎಲ್ಲವೂ ವರದಿಯಲ್ಲಿ ಬರುತ್ತವೆ.

ಸೋಂಕಿರುವ ಆಳದ ಗಾಯಕ್ಕೆ ಬೆಳ್ಳಿ ಇರುವ ಹೈಡ್ರೋಫೈಬರ್ (ಸ್ರಾವ ಹೀರುವ ನಾರಿನ) ಪಟ್ಟಿ. ಒಂದೇ ತುಂಡು, ಸಡಿಲವಾಗಿ, 2 ಸೆಂ.ಮೀ. ಬಾಲ ಹೊರಗೆ ಬಿಟ್ಟು. ಸ್ರಾವ ಹೀರಿ ಅದು ಜೆಲ್ ಆಗಿ ಉಬ್ಬುತ್ತದೆ. ಗಿಡಿದು ತುಂಬಿದರೆ ತಳದ ರಕ್ತಸಂಚಾರಕ್ಕೆ ಅಡ್ಡಿ, ಕೀವಿಗೂ ಹೊರದಾರಿ ಇಲ್ಲ. ಎಷ್ಟು ಇಟ್ಟೆವು, ಎಷ್ಟು ತೆಗೆದೆವು ಎಂಬ ಲೆಕ್ಕ ಬರೆದಿಡಬೇಕು. ಎರಡು ವಾರಕ್ಕೊಮ್ಮೆ ಬೆಳ್ಳಿ ಇನ್ನೂ ಬೇಕೇ ಎಂದು ಕೇಳಿಕೊಳ್ಳುತ್ತೇನೆ. ಗಾಯದ ತಳ ಕೆಂಪಗೆ, ಶುದ್ಧವಾಗಿದ್ದರೆ ಸಾದಾ ಆಲ್ಜಿನೇಟ್ (ಕಡಲಕಳೆಯಿಂದ ಮಾಡಿದ, ಸ್ರಾವ ಹೀರುವ ಪಟ್ಟಿ) ಸಾಕು. ಹೈಡ್ರೋಕೊಲಾಯ್ಡ್ ಎಂಬ ಅಂಟುವ ಡ್ರೆಸ್ಸಿಂಗ್ ಸೋಂಕಿನ ಗಾಯವನ್ನು ಮುಚ್ಚಿಬಿಡುತ್ತದೆ, ಅದನ್ನು ಇಲ್ಲಿ ಬಳಸುವುದಿಲ್ಲ.

ಡ್ರೆಸ್ಸಿಂಗ್ ಪ್ಯಾಕೆಟ್ ಮೇಲಿನ ‘7 ದಿನ ಇಡಬಹುದು’ ಎಂಬುದು ಈ ಜಾಗಕ್ಕೆ ಅನ್ವಯಿಸದು. ಶೌಚ, ಡೈಲೇಟರ್ (ಯೋನಿ ಕಿರಿದಾಗದಂತೆ ಒಳಗಿಡುವ ನಳಿಕೆ) ಬಳಕೆ, ಇವುಗಳಲ್ಲಿ ಯಾವುದು ಆದಾಗಲೂ ತೆಗೆದು ತೊಳೆದು ಹೊಸದು ಇಡಲೇಬೇಕು. ದಿನಕ್ಕೆ ಮೂರು ಸಲ ಬದಲಿಸುವ ಕಡೆ ದುಬಾರಿ ಡ್ರೆಸ್ಸಿಂಗ್ ಸುಮ್ಮನೆ ದಂಡ. ಅಂಟುಳ್ಳ ಫೋಮ್ ಕೂಡ ತೊಡೆಸಂದಿನಲ್ಲಿ ಸುರುಳಿಯಾಗಿ ಎದ್ದುಬರುತ್ತದೆ. ಮೇಲೆ ಸಾದಾ ಪ್ಯಾಡ್ ಇಟ್ಟು ಬಿಗಿಯಾದ ಹತ್ತಿಯ ಒಳಉಡುಪು ಹಾಕಿಸಿದರೆ ಅದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಸುತ್ತಲಿನ ಚರ್ಮ ಬೆಳ್ಳಗಾಗಿ ನೆರಿಗೆ ಬಿದ್ದರೆ ತೇವ ಮಿತಿಮೀರಿದೆ ಎಂದರ್ಥ. ಬ್ಯಾರಿಯರ್ ಫಿಲ್ಮ್ (ಚರ್ಮದ ಮೇಲೆ ತೆಳು ರಕ್ಷಣಾ ಪದರವಾಗುವ ದ್ರವ) ಹಚ್ಚುತ್ತೇನೆ, ವ್ಯಾಸಲೀನ್ ಅಲ್ಲ. ಅದು ಡ್ರೆಸ್ಸಿಂಗಿನ ಹೀರುವ ಶಕ್ತಿಗೇ ಕಲ್ಲು ಹಾಕುತ್ತದೆ. ಡೈಲೇಟರ್ ನಿಲ್ಲಿಸಿದರೆ ಯೋನಿ ಕಿರಿದಾಗುತ್ತದೆ, ಮುಂದುವರಿಸಿದರೆ ಗಾಯದ ಮೇಲೆ ಭಾರ ಬೀಳುತ್ತದೆ. ಅಳತೆ ಇಳಿಸುವುದೋ ನಿಲ್ಲಿಸುವುದೋ ಸರ್ಜನ್ ಹೇಳಬೇಕು.

ಕೆಲವು ವಾರಗಳ ನಂತರವೂ ಸ್ರಾವ, ಮುಟ್ಟಿದರೆ ರಕ್ತ ಎಂದು ಬಂದವರಲ್ಲಿ ಬಹಳ ಸಲ ಕಾಣುವುದು ಉಬ್ಬಿ ಬೆಳೆದ ಗ್ರಾನ್ಯುಲೇಷನ್ ಅಂಗಾಂಶ (ಗಾಯ ಮಾಗುವಾಗ ಬೆಳೆಯುವ ಕೆಂಪು ಹೊಸ ಅಂಗಾಂಶ). ಅದಕ್ಕೆ ಆಂಟಿಬಯಾಟಿಕ್‌ನಿಂದ ಏನೂ ಆಗದು. ಜಾಗವನ್ನು ಒಣಗಿಸಿ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸುತ್ತೇನೆ. ಬೂದು ಬಣ್ಣಕ್ಕೆ ತಿರುಗಿದರೆ ಸಾಕು. ಮೊದಲು ಸಲೈನ್ ಹಾಕಿ ಹಾಗೇ ಒದ್ದೆ ಬಿಟ್ಟರೆ ಉಪ್ಪು ಬೆಳ್ಳಿಯನ್ನು ಹಿಡಿದಿಟ್ಟು ಕಡ್ಡಿ ಕೆಲಸ ಮಾಡುವುದಿಲ್ಲ. ಮುಗಿದ ಮೇಲೆ, ಅತ್ತಿತ್ತ ಹರಿದ ಸಿಲ್ವರ್ ನೈಟ್ರೇಟ್‌ನ ಕೆಲಸ ತಡೆಯಲು, ಅದೇ ಸಲೈನ್ ಬೇಕಾಗುತ್ತದೆ.