ಐದಿಂಚು ತಾರಸಿಯ ಇಂಗಾಲದ ಲೆಕ್ಕ

ಮನೆ ಕಟ್ಟಿಸುವವರು ಸೋಲಾರ್, ಮಳೆನೀರು ಕೊಯ್ಲು ಎರಡನ್ನೂ ತಪ್ಪದೆ ಕೇಳುತ್ತಾರೆ. ಸಿಮೆಂಟು, ಕಂಬಿ, ಇಟ್ಟಿಗೆ ತಯಾರಾಗುವಾಗಲೇ ಗಾಳಿಗೆ ಸೇರುವ ಇಂಗಾಲದ ಬಗ್ಗೆ ಕೇಳುವವರು ಕಡಿಮೆ. ಕರೆಂಟಿನ ಖರ್ಚನ್ನು ಹತ್ತು ವರ್ಷ ಬಿಟ್ಟೂ ತಗ್ಗಿಸಬಹುದು. ಕಾಂಕ್ರೀಟ್ ಸುರಿದ ಮೇಲೆ ಅದರ ಪಾಲಿನ ಇಂಗಾಲವನ್ನು ಒಂದು ಗ್ರಾಮೂ ಇಳಿಸಲಾಗದು. ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವ ನಾನು ಈಗ ಪ್ರತಿ ಮನೆಗೂ ಈ ಲೆಕ್ಕ ಹಾಕುತ್ತೇನೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಎಸ್ಟಿಮೇಟಿನಲ್ಲಿ ಪ್ರಮಾಣ ಇದ್ದೇ ಇರುತ್ತದೆ, ಕಂಬಿಯ ತೂಕ ಬಾರ್ ಬೆಂಡಿಂಗ್ ಶೆಡ್ಯೂಲಿನಲ್ಲಿ, ಅಂದರೆ ಕಂಬಿಗಳ ಅಳತೆಪಟ್ಟಿಯಲ್ಲಿರುತ್ತದೆ. ಪಕ್ಕದಲ್ಲಿ ಒಂದು ಕಾಲಂ ಸೇರಿಸಿ, ಕಿಲೋಗೆ ಎಷ್ಟು ಇಂಗಾಲ ಎಂಬ ಗುಣಕದಿಂದ ಗುಣಿಸಿದರೆ ಆಯಿತು. ಗುಣಕಗಳಿಗೆ ನಾನು ನೋಡುವುದು ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಸಂಸ್ಥೆ 2017ರಲ್ಲಿ ಹೊರತಂದ ಭಾರತದ ಸಾಮಗ್ರಿಗಳ ದತ್ತಾಂಶ. ಇಂಗ್ಲೆಂಡಿನ ಪಟ್ಟಿಗಳು ಸುಲಭವಾಗಿ ಸಿಗುತ್ತವೆ, ಆದರೆ ಅಲ್ಲಿನ ಕಂಬಿ ಬೇರೆ, ನಮ್ಮ ಕಲ್ಲಿದ್ದಲಿನ ಕಂಬಿ ಬೇರೆ.

ಒಂದು ಚದರ ಮೀಟರ್ ತಾರಸಿ ತೆಗೆದುಕೊಳ್ಳಿ. ದಪ್ಪ ಐದಿಂಚು, ಅಂದರೆ 125 ಮಿ.ಮೀ. ಘನ ಮೀಟರಿಗೆ 320 ಕಿಲೋ ಸಿಮೆಂಟು ಹಿಡಿದರೆ ಇದಕ್ಕೆ 40 ಕಿಲೋ ಬೇಕು. ಏನೂ ಬೆರೆಸದ ಸಾಮಾನ್ಯ ಸಿಮೆಂಟಿಗೆ (ಓಪಿಸಿ) ಕಿಲೋಗೆ 0.9 ಎಂದರೆ 36 ಕಿಲೋ ಇಂಗಾಲದ ಡೈಆಕ್ಸೈಡ್. ಕಂಬಿ ಸುಮಾರು 10 ಕಿಲೋ; ಕಿಲೋಗೆ ಎರಡೂವರೆಯಂತೆ 25. ಒಟ್ಟು 61. ಸಾವಿರ ಚದರಡಿ ತಾರಸಿಗೆ ಐದೂವರೆ ಟನ್ ದಾಟಿತು. ಬೀಮು, ಪಿಲ್ಲರು, ಪಾಯ ಇನ್ನೂ ಬಾಕಿ. ಜಲ್ಲಿ, ಎಂ-ಸ್ಯಾಂಡ್ ತೂಕದಲ್ಲಿ ಎಲ್ಲಕ್ಕಿಂತ ಹೆಚ್ಚು, ಇಂಗಾಲದಲ್ಲಿ ಬಹಳ ಕಡಿಮೆ. ಸಿಮೆಂಟಿನ ಭಾರಕ್ಕೆ ಗೂಡಿನ ಬೆಂಕಿಯೊಂದೇ ಕಾರಣವಲ್ಲ. ಸುಣ್ಣದ ಕಲ್ಲು ಕಾದಾಗ ಅದರೊಳಗಿನ ಡೈಆಕ್ಸೈಡೇ ಹೊರಬರುತ್ತದೆ. ಗೂಡಿನಿಂದ ಬರುವ ಸಿಮೆಂಟಿನ ಗಟ್ಟಿ, ಅಂದರೆ ಕ್ಲಿಂಕರ್, ಒಂದು ಟನ್ನಿಗೆ ಸುಮಾರು ಅರ್ಧ ಟನ್ ಹೀಗೇ ಹೋಗುತ್ತದೆ. ಗೂಡಿಗೆ ಯಾವ ಇಂಧನ ಹಾಕಿದರೂ ಈ ಪಾಲು ತಪ್ಪದು.

ಆದ್ದರಿಂದ ನನ್ನ ಮೊದಲ ಕೆಲಸ ನಕ್ಷೆಯಲ್ಲೇ. ತಾರಸಿಯನ್ನು ಬಗ್ಗಿಸುವ ಬಲ ಸ್ಪ್ಯಾನಿನ, ಅಂದರೆ ಆಸರೆಗಳ ನಡುವಿನ ಅಂತರದ, ವರ್ಗದಂತೆ ಏರುತ್ತದೆ. ಹಾಲ್‌ನ 6 ಮೀಟರ್ ಸ್ಪ್ಯಾನನ್ನು 4.5ಕ್ಕೆ ತಂದರೆ ಆ ವರ್ಗ 36 ಇದ್ದದ್ದು 20ರ ಹತ್ತಿರ ಬರುತ್ತದೆ. 30×40 ಸೈಟಿನಲ್ಲಿ ಕೆಳಗೆ ಪಾರ್ಕಿಂಗ್ ಬೇಕೇ ಬೇಕು. ಕಾರಿನ ಜಾಗಕ್ಕೆಂದು ಪಿಲ್ಲರ್ ಸರಿಸಿ, ಮೇಲಿನ ಪಿಲ್ಲರನ್ನು ದಪ್ಪ ಬೀಮಿನ ಮೇಲೆ ನಿಲ್ಲಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸಿಮೆಂಟು, ಕಂಬಿ ಎರಡೂ ದಂಡ, ಭೂಕಂಪಕ್ಕೂ ಒಳ್ಳೆಯದಲ್ಲ. ಆರ್ಕಿಟೆಕ್ಟ್ ಜೊತೆ ಕೂತು ಪಿಲ್ಲರುಗಳನ್ನು ಕೆಳಗಿಂದ ಮೇಲಿನವರೆಗೆ ಒಂದೇ ಸಾಲಿಗೆ ತರುತ್ತೇವೆ. ಹಸಿರು ಲೇಬಲ್ಲಿನ ಯಾವ ಸಾಮಾನೂ ಉಳಿಸದಷ್ಟನ್ನು ಈ ಒಂದು ಮಧ್ಯಾಹ್ನದ ಮಾತುಕತೆ ಉಳಿಸುತ್ತದೆ.

ಆಮೇಲೆ ಫಿಲ್ಲರ್ ಸ್ಲ್ಯಾಬ್, ಅಂದರೆ ಒಂದಷ್ಟು ಕಾಂಕ್ರೀಟಿನ ಬದಲು ಹೆಂಚು ತುಂಬಿದ ತಾರಸಿ. ತಾರಸಿಯ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟು ಹೆಚ್ಚುಕಡಿಮೆ ತುಂಬಿಕೊಂಡಿರುತ್ತದೆ ಅಷ್ಟೆ. ಆ ಜಾಗಕ್ಕೆ ಮಂಗಳೂರು ಹೆಂಚಿಡುತ್ತೇವೆ. ಹಳೆ ಮನೆ ಕೆಡವಿದ ಹೆಂಚಾದರೆ ಇನ್ನೂ ಒಳ್ಳೆಯದು. ಕಂಬಿಗಳ ನಡುವಿನ ಚೌಕದಲ್ಲಿ ಹೆಂಚನ್ನು ಜೋಡಿಯಾಗಿ ಕೂರಿಸಬೇಕು. ಅದಕ್ಕೂ ಮೊದಲು ಚೆನ್ನಾಗಿ ನೀರಲ್ಲಿ ನೆನೆಸಿರಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನು ಹೆಂಚು ಹೀರಿಬಿಡುತ್ತದೆ. ಕಾಂಕ್ರೀಟು ಹಾಕುವಾಗ ಹೆಂಚಿನ ಮೇಲೆ ಕಾಲಿಡದಂತೆ ಹಲಗೆ ಹಾಸುತ್ತೇವೆ. ಗೋಡೆಯ ಹತ್ತಿರ, ಕತ್ತರಿಸುವ ಬಲ (ಶಿಯರ್) ಹೆಚ್ಚಿರುವ ಕಡೆ ಹೆಂಚಿಲ್ಲ, ಪೂರ್ತಿ ಕಾಂಕ್ರೀಟೇ.

ಸಿಮೆಂಟ್ ಬದಲಿಸುವುದು ಕಾಗದದ ಮೇಲೆ ಸುಲಭ. ಭಾರತೀಯ ಮಾನಕ ಐಎಸ್ 455ರ ಸ್ಲ್ಯಾಗ್ ಸಿಮೆಂಟಿನಲ್ಲಿ ನೂರಕ್ಕೆ 25ರಿಂದ 70ರವರೆಗೆ ಸ್ಲ್ಯಾಗ್, ಅಂದರೆ ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ, ಇರಬಹುದು. ನಮಗೆ ಇದು ದೂರದ ಸರಕಲ್ಲ, ಬಳ್ಳಾರಿ ಕಡೆಯ ತೋರಣಗಲ್ಲಿನ ಊದುಕುಲುಮೆಯಿಂದಲೇ ಸ್ಲ್ಯಾಗ್ ಹೊರಬೀಳುತ್ತದೆ. ಅರ್ಧದಷ್ಟು ಸ್ಲ್ಯಾಗ್ ಇದ್ದರೆ ಮೊದಲ ಲೆಕ್ಕದಲ್ಲಿ ಸಿಮೆಂಟಿನ ಪಾಲಾಗಿದ್ದ 36 ಕಿಲೋ, ಇಪ್ಪತ್ತರ ಹತ್ತಿರ ಇಳಿಯುತ್ತದೆ. ತೊಡಕು ಸೈಟಿನಲ್ಲಿ. ಈ ಕಾಂಕ್ರೀಟು ನಿಧಾನವಾಗಿ ಬಲ ಪಡೆಯುತ್ತದೆ. ಮೇಸ್ತ್ರಿ ನೇರವಾಗಿಯೇ ಕೇಳಿದರು: "ಮೇಡಂ, ಸೆಂಟ್ರಿಂಗ್ ಇನ್ನೂ ಬಿಚ್ಚಬೇಡಿ ಅಂತೀರಲ್ಲ, ಶೀಟಿನ ಬಾಡಿಗೆ ಯಾರು ಕೊಡ್ತಾರೆ?" ನ್ಯಾಯವಾದ ಪ್ರಶ್ನೆ. ಅಂದಿನಿಂದ ಹೆಚ್ಚುವರಿ ಬಾಡಿಗೆಯನ್ನು ಎಸ್ಟಿಮೇಟಿನಲ್ಲೇ ಬೇರೆ ಸಾಲಾಗಿ ಬರೆದು ಮಾಲೀಕರಿಂದ ಒಪ್ಪಿಗೆ ಪಡೆಯುತ್ತೇನೆ. ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಟೆಸ್ಟಿನ ಫಲಿತಾಂಶ ಬಂದ ಮೇಲೆಯೇ ಆಸರೆಯ ಜಾಕ್ ಕಳಚುವುದು. ಕ್ಯೂರಿಂಗಿನಲ್ಲಿ ಮಾತ್ರ ರಾಜಿಯಿಲ್ಲ.

ಗೋಡೆಗೆ ನನ್ನ ಮೊದಲ ಆಯ್ಕೆ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಗ್ರಾಮೀಣ ತಂತ್ರಜ್ಞಾನದ ಆಸ್ತ್ರ ಕೇಂದ್ರದ ಕೆಲಸದ ಫಲ ಇದು. ಅಲ್ಲಿನ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆರ್‌ಸಿಸಿ ಫ್ರೇಮಿನ (ಕಾಂಕ್ರೀಟ್ ಪಿಲ್ಲರು-ಬೀಮುಗಳೇ ಭಾರ ಹೊರುವ) ಬಹುಮಹಡಿ ಕಟ್ಟಡದ ಸಾಮಗ್ರಿಗಳಿಗೆ ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ಬೇಕಾದರೆ, ಮಣ್ಣಿನ ಇಟ್ಟಿಗೆಯ ಭಾರ ಹೊರುವ ಗೋಡೆ, ಫಿಲ್ಲರ್ ಸ್ಲ್ಯಾಬ್ ಇರುವ ಎರಡಂತಸ್ತಿಗೆ ಸಾಕಾದದ್ದು 1.61. ಬೆಂಗಳೂರಿನ ಕೆಮ್ಮಣ್ಣು ಇದಕ್ಕೆ ಹೊಂದುತ್ತದೆ, ಸಂಪು ತೋಡಿದ ಮಣ್ಣೇ ಗೋಡೆಯಾಗಬಹುದು. ಜೇಡಿಯ ಪಾಲು ಜಾಸ್ತಿಯಿದ್ದರೆ ಕ್ವಾರಿ ಪುಡಿ ಸೇರಿಸಿ ಹದಕ್ಕೆ ತರುತ್ತೇವೆ. ಎರೆಮಣ್ಣಿನ ಊರಿನವರು ಕೇಳಿದರೆ ಬೇಡವೆನ್ನುತ್ತೇನೆ, ಅದು ನೀರು ಕುಡಿದು ಉಬ್ಬುತ್ತದೆ.

ನೆಲಕ್ಕೆ ಸಾಧ್ಯವಾದಲ್ಲೆಲ್ಲ ಶಹಾಬಾದ್ ಕಲ್ಲು. ಗುಜರಾತಿನ ಮೋರ್ಬಿಯ ಟೈಲ್ಸ್ ಗೂಡಿನಲ್ಲಿ ಸುಟ್ಟು, ಸಾವಿರದ ಐನೂರು ಕಿಲೋಮೀಟರ್ ಮೀರಿದ ದಾರಿ ಸವೆಸಿ ಬರುತ್ತದೆ.

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಲೆಕ್ಕ ಹಾಕುತ್ತೇನೆ, ಈ ಸಲ ಬಿಲ್ಲು, ಚಲನ್, ವೇಬ್ರಿಡ್ಜ್ ಚೀಟಿಗಳಿಂದ. ಎಸ್ಟಿಮೇಟಿಗೂ ಇದಕ್ಕೂ ವ್ಯತ್ಯಾಸ ಕಾಣುವುದು ಹೆಚ್ಚಾಗಿ ಕಂಬಿಯ ತುಂಡುಗಳಲ್ಲಿ. ಹಾಗಾಗಿ ಈಗ ಕಂಬಿ ತರಿಸುವ ಮೊದಲೇ 12 ಮೀಟರಿನ ಉದ್ದಕ್ಕೆ ಕತ್ತರಿಸುವ ಪಟ್ಟಿ ಬರೆದು ಬಾರ್ ಬೆಂಡರ್ ಕೈಗೆ ಕೊಡುತ್ತೇನೆ.