ಗ್ರಬ್ ವೇರಿಯಬಲ್‌ಗಳನ್ನು ದಾಖಲಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರದ ಕಡೆ ಸಹಕಾರ ಸಂಘದಲ್ಲೋ ಶಾಲೆಯ ಲ್ಯಾಬಿನಲ್ಲೋ ಲಿನಕ್ಸ್ ಯಂತ್ರ ಇದ್ದರೆ ಆಷಾಢದ ಮಳೆಯಲ್ಲಿ ಇದು ಮಾಮೂಲು: ಕರೆಂಟು ಬರುತ್ತದೆ, ಯಂತ್ರ ಪೂರ್ತಿ ಏಳುವ ಮೊದಲೇ ಮತ್ತೆ ಹೋಗುತ್ತದೆ. ಮುಂದಿನ ಸಲ ಉಬುಂಟು (ಒಂದು ಬಗೆಯ ಲಿನಕ್ಸ್) ಯಂತ್ರ ಗ್ರಬ್‌ನ, ಅಂದರೆ ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರಿನ, ಮೆನುವಿನಲ್ಲಿ 30 ಸೆಕೆಂಡು ನಿಂತುಬಿಡುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲ್ ತೆರೆದು ನೋಡಿದರೆ ಟೈಮೌಟ್ (ಮೆನುವಿನಲ್ಲಿ ಕಾಯುವ ಸಮಯ) 0 ಎಂದೇ ಇದೆ. ಕಾರಣ ಬೇರೊಂದು ವೇರಿಯಬಲ್‌ನಲ್ಲಿದೆ (ವೇರಿಯಬಲ್ ಎಂದರೆ ಬೆಲೆ ಹಿಡಿದಿಡುವ ಹೆಸರು), ಅದನ್ನು ಯಾರೂ ಬರೆದಿಟ್ಟಿಲ್ಲ.

ಪ್ರತಿ ವೇರಿಯಬಲ್‌ಗೂ ಐದು ವಿಷಯ ಬರೆಯಿರಿ: ಹೆಸರು, ಒಪ್ಪುವ ಬೆಲೆಗಳು, ಆ ಸಾಲೇ ಇಲ್ಲದಿದ್ದರೆ ಏನಾಗುತ್ತದೆ, ಅದನ್ನು ಯಾರು ಯಾವಾಗ ಓದುತ್ತಾರೆ, ಬದಲಿಸಿದ ಮೇಲೆ ಏನು ಓಡಿಸಬೇಕು. ಮೊದಲ ಎರಡನ್ನು ಎಲ್ಲರೂ ಬರೆಯುತ್ತಾರೆ. ತೊಂದರೆ ಕೊಡುವುದು ಉಳಿದ ಮೂರು, ಅದರಲ್ಲೂ ನಾಲ್ಕನೆಯದು.

ನಾವು ತಿದ್ದುವ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲನ್ನು ಬೂಟ್ ಲೋಡರ್ ಓದುವುದೇ ಇಲ್ಲ. ಗ್ರಬ್-ಎಂಕೆಕಾನ್ಫಿಗ್ ಎಂಬ ಕಮಾಂಡ್ ಅದನ್ನು ಓದಿ ಗ್ರಬ್.ಸಿಎಫ್‌ಜಿ ತಯಾರಿಸುತ್ತದೆ, ಬೂಟ್ ಹೊತ್ತಿಗೆ ಕಾಣುವುದು ಆ ಎರಡನೆಯ ಫೈಲ್ ಮಾತ್ರ. ಹಾಗಾಗಿ ಬೆಲೆ ಬದಲಿಸಿ ಸೇವ್ ಮಾಡಿದರೆ ಸಾಲದು. ಡೆಬಿಯನ್, ಉಬುಂಟುಗಳಲ್ಲಿ ಗ್ರಬ್-ಎಂಕೆಕಾನ್ಫಿಗನ್ನೇ ನಡೆಸುವ ಅಪ್‌ಡೇಟ್-ಗ್ರಬ್ ಓಡಿಸಬೇಕು. ದೊಡ್ಡಕ್ಷರದ ಗ್ರಬ್_ಟೈಮೌಟ್ ಮೊದಲ ಫೈಲಿನದು, ಸಣ್ಣಕ್ಷರದ ಟೈಮೌಟ್ ಎರಡನೆಯದರದು. ಎರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸಬೇಡಿ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದರೂ ನಿಮ್ಮ ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ಫೈಲಿನಲ್ಲಿ ಇರುವಂತೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ.

ಒಂದು ನಮೂನೆ:

ಗ್ರಬ್_ಟೈಮೌಟ್
ಬೆಲೆ: ಸೆಕೆಂಡುಗಳು. 0 ಎಂದರೆ ಕಾಯದೆ ಬೂಟ್. -1 ಎಂದರೆ ಯಾರಾದರೂ ಕೀ ಒತ್ತುವವರೆಗೆ ಕಾಯುತ್ತದೆ.
ಸಾಲು ಇಲ್ಲದಿದ್ದರೆ: 5.
ಓದುವುದು: ಗ್ರಬ್-ಎಂಕೆಕಾನ್ಫಿಗ್, ಓಡಿಸಿದಾಗ ಮಾತ್ರ.
ಬದಲಿಸಿದ ಮೇಲೆ: ಅಪ್‌ಡೇಟ್-ಗ್ರಬ್.
ಎಚ್ಚರ: ಹಿಂದಿನ ಬೂಟ್ ಅರ್ಧಕ್ಕೆ ನಿಂತಿದ್ದರೆ ಉಬುಂಟುವಿನಲ್ಲಿ ಈ ಬೆಲೆ ಲೆಕ್ಕಕ್ಕಿಲ್ಲ. ಆಗ ನಡೆಯುವುದು ಗ್ರಬ್_ರೆಕಾರ್ಡ್‌ಫೇಲ್_ಟೈಮೌಟ್. ಅದನ್ನು ಕೊಡದಿದ್ದರೆ 30.

ಆ ರೆಕಾರ್ಡ್‌ಫೇಲ್ ಬೆಲೆಯನ್ನು 5 ಮಾಡಿದರೆ ಸಾಕು, ರಿಕವರಿ ಮೆನು ಹಿಡಿಯಲು ಸಮಯವೂ ಉಳಿಯುತ್ತದೆ. ಆಗುಂಬೆಯಂಥ ಕಡೆ ಕೀಬೋರ್ಡ್ ಇಲ್ಲದೆ ಇಟ್ಟ ಯಂತ್ರಕ್ಕೆ -1 ಕೊಟ್ಟರೆ ಮಳೆಯಲ್ಲಿ ಘಾಟಿ ಹತ್ತಿ ಹೋಗಿ ಎಂಟರ್ ಒತ್ತಬೇಕಾದೀತು.

/ಇಟಿಸಿ/ಡಿಫಾಲ್ಟ್/ಗ್ರಬ್ ಒಂದು ಶೆಲ್ ಫೈಲ್, ಅಂದರೆ ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್ ಓದುವ ಫೈಲ್, ಎಂಬುದನ್ನೂ ದಾಖಲೆಯ ತಲೆಯಲ್ಲೇ ಹೇಳಿ. ಸಮಚಿಹ್ನೆಯ ಎರಡೂ ಬದಿ ಜಾಗ ಬಿಟ್ಟರೆ ಶೆಲ್ ವೇರಿಯಬಲ್ ಹೆಸರನ್ನೇ ಕಮಾಂಡ್ ಎಂದು ತಿಳಿದು ದೋಷ ಕೊಡುತ್ತದೆ. ಬೆಲೆಯೊಳಗೆ ಜಾಗವಿದ್ದರೆ ಉದ್ಧರಣ ಚಿಹ್ನೆ ಬೇಕು. ಮೆನುವಿನ ಯಾವ ಸಾಲು ಬೂಟ್ ಆಗಬೇಕೆಂದು ಹೇಳುವ ಗ್ರಬ್_ಡಿಫಾಲ್ಟ್‌ನ ಎಣಿಕೆ 0ಯಿಂದ ಶುರು. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದಾಗ ಕ್ರಮಸಂಖ್ಯೆ ಜರುಗಬಹುದು, ಆದ್ದರಿಂದ ಉದಾಹರಣೆಗೆ ಸಂಖ್ಯೆಗಿಂತ ಮೆನು ಸಾಲಿನ ಐಡಿ ಕೊಡುವುದು ಮೇಲು.

ಕಮಾಂಡ್ ಆಯ್ಕೆಗಳಿಗೆ ಬಂದರೆ, ಬಿಡಬಹುದಾದ ಭಾಗವನ್ನು ಚೌಕ ಆವರಣದಲ್ಲಿ ಹಾಕಿ, ಬಿಟ್ಟರೆ ಏನಾಗುತ್ತದೆ ಎಂದೂ ಬರೆಯಿರಿ. ಗ್ರಬ್‌ನಲ್ಲಿ ಡಿಸ್ಕ್ ಹುಡುಕುವ ಸರ್ಚ್ ಕಮಾಂಡ್‌ನ --ಸೆಟ್ ಆಯ್ಕೆಗೆ ಹೆಸರು ಕೊಡದಿದ್ದರೆ ಸಿಕ್ಕ ಡಿಸ್ಕ್ ರೂಟ್ ವೇರಿಯಬಲ್‌ಗೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಡಿಸ್ಕ್ ಹುಡುಕಾಟಕ್ಕೆ ತಾಳೆಯಾದರೆ ಮೊದಲು ಸಿಕ್ಕಿದ್ದೇ ಗಟ್ಟಿ. ಒಂದೇ ಡಿಸ್ಕನ್ನು ಕ್ಲೋನ್ ಮಾಡಿ ಎರಡನ್ನೂ ಜೋಡಿಸಿಟ್ಟ ಯಂತ್ರದಲ್ಲಿ ತಪ್ಪು ಡಿಸ್ಕ್‌ನಿಂದ ಬೂಟ್ ಆಗುವುದು ಹೀಗೆ.

ಬರೆದದ್ದನ್ನು ಯಂತ್ರದ ಮೇಲೆಯೇ ಪರೀಕ್ಷಿಸಿ. ಮೆನುವಿನಲ್ಲಿ ಸಿ ಕೀ ಒತ್ತಿದರೆ ಕಮಾಂಡ್ ಸಾಲು ಬರುತ್ತದೆ. ಅಲ್ಲಿ ಬರೀ ಸೆಟ್ ಎಂದರೆ ಆ ಹೊತ್ತಿನ ವೇರಿಯಬಲ್‌ಗಳೆಲ್ಲ ಕಾಣುತ್ತವೆ. ಇ ಕೀ ಒತ್ತಿ ತಿದ್ದಿದ್ದು ಆ ಒಂದು ಬೂಟ್‌ಗೆ ಮಾತ್ರ.

ದಾಖಲೆಯನ್ನು ಅದೇ ಯಂತ್ರದ ಡಿಸ್ಕ್‌ನಲ್ಲಿ ಮಾತ್ರ ಇಟ್ಟರೆ ಯಂತ್ರ ಏಳದ ದಿನ ಅದೂ ಸಿಗುವುದಿಲ್ಲ. ಒಂದು ಹಾಳೆ ಪ್ರಿಂಟ್ ತೆಗೆದು, ಗ್ರಬ್ ಆವೃತ್ತಿ ಮತ್ತು ತಾರೀಕು ಬರೆದು, ಲ್ಯಾಮಿನೇಟ್ ಮಾಡಿಸಿ ಯಂತ್ರದ ಪಕ್ಕ ತೂಗುಹಾಕಿ; ಬರೀ ಕಾಗದವಾದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.