ಇಲಿ ಅಂಗಾಲು ಊರಿದ ದಿನ: ವಿದ್ಯುತ್ ಸೂಜಿಚಿಕಿತ್ಸೆಯ ಪ್ರಯೋಗದಲ್ಲಿ ನನ್ನ ಅನುಭವ

ಬೆಳಿಗ್ಗೆ ಆರು ಗಂಟೆಗೆ ಪ್ರಾಣಿಗೃಹಕ್ಕೆ ಹೋದೊಡನೆ ನನ್ನ ಮೊದಲ ಕೆಲಸ ಇಲಿಗಳಿಗೆ ಮೂತ್ರ ಮಾಡಿಸುವುದು. ಬೆನ್ನುಹುರಿಗೆ ಪೆಟ್ಟು ಬಿದ್ದ ಇಲಿಗೆ ಹಿಂಗಾಲುಗಳ ಜೊತೆಗೆ ಮೂತ್ರಕೋಶದ ಸ್ವಾಧೀನವೂ ತಪ್ಪುತ್ತದೆ. ಹೊಟ್ಟೆಯ ಕೆಳಗೆ ಬೆರಳಿಟ್ಟರೆ ತುಂಬಿದ ಮೂತ್ರಕೋಶ ದ್ರಾಕ್ಷಿಯ ಹಾಗೆ ಕೈಗೆ ಸಿಗುತ್ತದೆ. ಅದನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ, ಒಂದೇ ಸಮನೆ ಒತ್ತಬೇಕು. ಅವಸರ ಮಾಡಿದರೆ ಗಾಯವಾಗುತ್ತದೆ, ಅರ್ಧಕ್ಕೆ ಬಿಟ್ಟರೆ ಸೋಂಕು ತಗಲುತ್ತದೆ. ದಿನಕ್ಕೆ ಮೂರು ಸಲ, ಮೂತ್ರ ತಾನಾಗಿ ಹೋಗತೊಡಗುವವರೆಗೆ, ಅಂದರೆ ಸುಮಾರು ಎರಡು ವಾರ ಇದೇ ಕೆಲಸ. ಮುಗಿಯಿತೆಂದು ನಾನು ಇಲಿಯನ್ನು ಪಂಜರಕ್ಕೆ ಬಿಡಲು ಹೊರಟರೆ, ಬಹಳ ವರ್ಷದಿಂದ ಅಲ್ಲಿರುವ ಸಹಾಯಕರು ಒಮ್ಮೆ ಮುಟ್ಟಿ ನೋಡಿ, "ಮೇಡಂ, ಇದಕ್ಕೆ ಇನ್ನೂ ಉಳಿದಿದೆ" ಎನ್ನುತ್ತಿದ್ದರು. ನೋಡಿದರೆ ಉಳಿದೇ ಇರುತ್ತಿತ್ತು. ಆ ಅಣ್ಣನ ಬೆರಳುಗಳು ನಮ್ಮ ಎಷ್ಟೋ ಇಲಿಗಳನ್ನು ಉಳಿಸಿದವು.

ಪ್ರಯೋಗದ ವಿಧಾನ ಹೀಗಿತ್ತು. ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬಂದ ಮೇಲೆ, ಇಲಿಗೆ ಪೂರ್ಣ ಅರಿವಳಿಕೆ ಕೊಟ್ಟು, ಎದೆಭಾಗದ ಹತ್ತನೆಯ ಬೆನ್ನುಮೂಳೆಯ ಮೇಲ್ಚಾವಣಿಯನ್ನು ತೆಗೆದು, 10 ಗ್ರಾಂ ತೂಕದ ಸರಳನ್ನು 25 ಮಿಲಿಮೀಟರ್ ಎತ್ತರದಿಂದ ಬೆನ್ನುಹುರಿಯ ಮೇಲೆ ಬೀಳಿಸುತ್ತಿದ್ದೆವು. ಆ ಸಣ್ಣ ಸದ್ದು ನನಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ಪೆಟ್ಟಿನ ಕ್ಷಣದಲ್ಲಿ ಸಾಯುವ ನರಕೋಶಗಳನ್ನು ಉಳಿಸಲಾಗದು. ಆದರೆ ಆಮೇಲಿನ ಗಂಟೆಗಳಲ್ಲಿ, ದಿನಗಳಲ್ಲಿ ಬಾವು, ಉರಿಯೂತ, ರಕ್ತದ ಕೊರತೆ ಸುತ್ತಲಿನ ಜೀವಂತ ಭಾಗವನ್ನೂ ತಿನ್ನುತ್ತಾ ಹೋಗುತ್ತವೆ. ಸೂಜಿಯ ಮೂಲಕ ಹರಿಸುವ ಸಣ್ಣ ವಿದ್ಯುತ್ತಿನಿಂದ ಈ ಎರಡನೆಯ ಹಾನಿಯನ್ನು ತಗ್ಗಿಸಬಹುದೇ ಎಂಬುದು ನಮ್ಮ ಪ್ರಶ್ನೆ.

ಸೂಜಿ ಎಲ್ಲಿ ಚುಚ್ಚಬೇಕೆಂಬುದಕ್ಕೆ ಬಹಳ ತಲೆ ಕೆಡಿಸಿಕೊಂಡೆವು. ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿರುವ 'ಝುಸಾನ್ಲಿ' ಎಂಬ, ಚೀನೀ ಸೂಜಿಚಿಕಿತ್ಸೆಯ ಬಿಂದು ಈ ಕ್ಷೇತ್ರದಲ್ಲಿ ಹೆಸರುವಾಸಿ. ಅಲ್ಲಿ ಕೊಟ್ಟ ಕಡಿಮೆ ಪ್ರಮಾಣದ ವಿದ್ಯುತ್ತು ಮಿದುಳಿಗೆ ಸುದ್ದಿ ಮುಟ್ಟಿಸಿ, ಮಿದುಳಿನಿಂದ ಒಳ ಅಂಗಗಳಿಗೆ ಹೋಗುವ ವೇಗಸ್ ನರ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಮೂಲಕ ಉರಿಯೂತವನ್ನು ತಗ್ಗಿಸುತ್ತದೆ ಎಂದು ನರವಿಜ್ಞಾನಿ ಚ್ಯೂಫು ಮಾ ಅವರ ತಂಡ 2021ರಲ್ಲಿ ಮೂಷಿಕಗಳಲ್ಲಿ, ಅಂದರೆ ಸಣ್ಣ ಜಾತಿಯ ಇಲಿಗಳಲ್ಲಿ, ತೋರಿಸಿತು. ಆದರೆ ಆ ಮೂಷಿಕಗಳ ಬೆನ್ನುಹುರಿಗೆ ಗಾಯವಾಗಿರಲಿಲ್ಲ. ನಮ್ಮ ಇಲಿಗಳ ಹಿಂಗಾಲಿನ ಸುದ್ದಿ ಮೇಲೇರಬೇಕಾದ ದಾರಿಯಲ್ಲೇ ಗಾಯವಿದೆ! ಹಾಗಾಗಿ ಕಾಲನ್ನೊಂದೇ ನಂಬದೆ, ಬೆನ್ನಿನ ನಡುಗೆರೆಯಲ್ಲಿ ಗಾಯದ ಮೇಲೊಂದು, ಕೆಳಗೊಂದು ಸೂಜಿ ಇಟ್ಟೆವು. ಇಲ್ಲೊಂದು ಎಚ್ಚರಿಕೆ ಬೇಕು. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಮೂಳೆಯ ಹೊದಿಕೆಯೇ ಇರುವುದಿಲ್ಲ, ಅಲ್ಲಿ ಚುಚ್ಚಿದರೆ ಸೂಜಿ ನೇರ ಬೆನ್ನುಹುರಿಗೆ ಇಳಿಯುತ್ತದೆ. ಹೊಲಿಗೆಯಿಂದ ದೂರವಿದ್ದು, ಮೇಲಕ್ಕೂ ಕೆಳಕ್ಕೂ ಮೂಳೆಗಳನ್ನು ಬೆರಳಿನಿಂದ ಎಣಿಸಿಯೇ ಚುಚ್ಚುತ್ತಿದ್ದೆ.

ವಿದ್ಯುತ್ತಿನ ಆವರ್ತನಕ್ಕೆ ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ ಅವರ ಕೆಲಸವೇ ದಾರಿ ತೋರಿತು. 2 ಹರ್ಟ್ಸ್‌ಗೆ ಎನ್ಕೆಫಲಿನ್, 100 ಹರ್ಟ್ಸ್‌ಗೆ ಡೈನಾರ್ಫಿನ್ ಎಂಬ, ದೇಹವೇ ತಯಾರಿಸುವ ನೋವುನಿವಾರಕಗಳು ಬಿಡುಗಡೆಯಾಗುತ್ತವೆ ಎಂಬುದು ನೋವಿನ ಸಂಶೋಧನೆಯಲ್ಲಿ ಅವರು ಕಂಡುಕೊಂಡದ್ದು. ನಾವು ಎರಡನ್ನೂ ಒಂದಾದ ಮೇಲೊಂದರಂತೆ, 20 ನಿಮಿಷ ಕೊಟ್ಟೆವು. ಸ್ನಾಯು ಸಣ್ಣಗೆ ಅದುರಿದರೆ ಸಾಕು, 1 ಮಿಲಿಆಂಪಿಯರ್ ದಾಟಿಸುತ್ತಿರಲಿಲ್ಲ. ಇಲಿ ಅಲುಗಾಡದಿರಲು ದರ್ಜಿಯಿಂದ ದಪ್ಪ ಕಪ್ಪು ಬಟ್ಟೆಯ ಚೀಲ ಹೊಲಿಸಿದ್ದೆ. ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲೇ ದಿನಾ ಅದರಲ್ಲಿ ಕೂರಿಸಿ ಅಭ್ಯಾಸ ಮಾಡಿಸಿದರೆ, ಕತ್ತಲೆಗೆ ಮೂತಿ ತೂರಿಸಿ ತಾವಾಗಿ ಸುಮ್ಮನಾಗುತ್ತಿದ್ದವು. ಹೆದರಿದ ಇಲಿಯಲ್ಲಿ ಅಳೆಯುವುದು ಹೆದರಿಕೆಯನ್ನೇ. ಹೋಲಿಕೆಯ ಗುಂಪಿಗೂ ಅದೇ ಚೀಲ, ಅದೇ ಸೂಜಿ, ಅದೇ 20 ನಿಮಿಷ. ವಿದ್ಯುತ್ತು ಮಾತ್ರ ಇಲ್ಲ.

ನಾನು ಎಡವಿದ್ದು ಅಂಕ ಹಾಕುವುದರಲ್ಲಿ. ಬಾಸ್ಸೊ, ಬೀಟಿ, ಬ್ರೆಸ್ನಹಾನ್ ಎಂಬ ಮೂವರು 1995ರಲ್ಲಿ ಪ್ರಕಟಿಸಿದ, ಇಲಿಯ ನಡಿಗೆಗೆ ಅಂಕ ಕೊಡುವ ಮಾಪನದಲ್ಲಿ ಸೊನ್ನೆ ಎಂದರೆ ಹಿಂಗಾಲು ಚೂರೂ ಅಲುಗುವುದಿಲ್ಲ, 21 ಎಂದರೆ ಸಹಜ ನಡಿಗೆ. ಇಲಿಯನ್ನು ಬಯಲಿನಂಥ ತೊಟ್ಟಿಯಲ್ಲಿ ಬಿಟ್ಟು 4 ನಿಮಿಷ ನೋಡಬೇಕು. ಅಂಗಾಲನ್ನು ನೆಲಕ್ಕೆ ತಾಗಿಸಿತೇ, ಅದರ ಮೇಲೆ ಮೈಭಾರ ಬಿಟ್ಟಿತೇ? ಎಂಟಕ್ಕೂ ಒಂಬತ್ತಕ್ಕೂ ನಡುವಿನ ಈ ವ್ಯತ್ಯಾಸ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ತಪ್ಪಿಹೋಗುತ್ತದೆ. ಮೊದಲ ತಂಡದ ಇಲಿಗಳಿಗೆ ನಾನೇ ಸೂಜಿ ಹಾಕಿ ನಾನೇ ಅಂಕ ಕೊಟ್ಟೆ. ಆಮೇಲೆ ಯಾವುದು ಯಾವ ಗುಂಪಿನದೆಂದು ತಿಳಿಯದ ಸಹೋದ್ಯೋಗಿಗೆ ವಿಡಿಯೊ ತೋರಿಸಿದಾಗ, ಚಿಕಿತ್ಸೆ ಪಡೆದ ಇಲಿಗಳಿಗೆ ನಾನು ಧಾರಾಳವಾಗಿ ಅಂಕ ಕೊಟ್ಟದ್ದು ಗೊತ್ತಾಯಿತು. ಅವು ನಡೆಯಲಿ ಎಂದು ಅಷ್ಟು ಹಂಬಲಿಸಿದ್ದೆ. ಆ ತಂಡದ ಅಂಕಗಳನ್ನು ಪೂರ್ತಿ ಕೈಬಿಟ್ಟೆವು.

ಎರಡನೆಯ ಸಲ ಪಂಜರಗಳಿಗೆ ಸಂಖ್ಯೆ ಮಾತ್ರ. ಗುಂಪಿನ ಪಟ್ಟಿ ಲಕೋಟೆಯಲ್ಲಿ, ಸೂಜಿ ಹಾಕುವವರು ಬೇರೆ, ಅಂಕ ಹಾಕುವವರು ಬೇರೆ. ಮೂರನೆಯ ವಾರ ಏಳನೆಯ ಸಂಖ್ಯೆಯ ಇಲಿ ತೊಟ್ಟಿಯ ಮೂಲೆಯಲ್ಲಿ ನಿಂತು, ಬಲಗಾಲಿನ ಬೆರಳುಗಳನ್ನು ಅಗಲಿಸಿ, ಅಂಗಾಲು ಊರಿ, ಸೊಂಟ ಎತ್ತಿತು. ಇದಕ್ಕೆ ವಿದ್ಯುತ್ತು ಸಿಕ್ಕಿದೆ ಎಂದು ಪಣ ಕಟ್ಟುವಷ್ಟು ನಂಬಿದೆ. ಲಕೋಟೆ ಒಡೆದಾಗ ಅದು ಹೋಲಿಕೆಯ ಗುಂಪಿನದು. ಜಜ್ಜಿದ ಬೆನ್ನುಹುರಿಯಲ್ಲಿ ಅಂಚಿನ ಕೆಲವು ನರತಂತುಗಳು ಉಳಿದಿರುತ್ತವೆ, ಇಲಿ ಒಂದಿಷ್ಟು ತಾನಾಗಿಯೇ ಚೇತರಿಸಿಕೊಳ್ಳುತ್ತದೆ.

ಈಗ ಹೊಸದಾಗಿ ಸೇರುವ ವಿದ್ಯಾರ್ಥಿಗಳ ಕೈಗೆ ಮೊದಲ ತಿಂಗಳು ನಾನು ಸೂಜಿ ಕೊಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಅಣ್ಣನ ಪಕ್ಕದಲ್ಲಿ ನಿಂತು ಮೂತ್ರ ಮಾಡಿಸುವುದನ್ನು ಕಲಿಯುತ್ತಾರೆ. ಮಧ್ಯಾಹ್ನ ಹಳೆಯ ವಿಡಿಯೊ ನೋಡಿ ಅಂಕ ಹಾಕುತ್ತಾರೆ. ಏಳನೆಯ ಇಲಿಯ ವಿಡಿಯೊ ಕೂಡ ಅದರಲ್ಲಿದೆ.